ಹಾರುವ ಹಕ್ಕಿಯ ಫೋಟೋ ಬೇಕೆಂದರೆ ಚಪ್ಪಾಳೆ ತಟ್ಟಿ ಎಬ್ಬಿಸಬೇಕೇ? ಉದ್ದ ಲೆನ್ಸಿನ ಹಿಂದಿನ ಲೆಕ್ಕ ಹೇಳುವುದೇ ಬೇರೆ

ಚಳಿಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಕ್ಕಿಗಳ ಸುಗ್ಗಿ. ಗರಿಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದ ಗರುಡ, ಮೀನು ಕಚ್ಚಿಕೊಂಡು ನೀರಿನಿಂದ ಮೇಲೇಳುತ್ತಿರುವ ಮಿಂಚುಳ್ಳಿ, ಕೆರೆಯ ಮೇಲೆ ಒಮ್ಮೆಲೇ ಎದ್ದ ನೂರಾರು ಹೆಬ್ಬಾತುಗಳು. ಇಂಥ ಚಿತ್ರಗಳ ಜೊತೆ ಕೆಲವು ಮಾತುಗಳೂ ಹರಿದಾಡುತ್ತವೆ. "ಲಕ್ಷಾಂತರ ರೂಪಾಯಿಯ ಲೆನ್ಸ್ ಇದ್ದರೆ ಯಾರು ಬೇಕಾದರೂ ತೆಗೆಯಬಹುದು", "100ಎಕ್ಸ್ ಝೂಮ್ ಇರುವ ಮೊಬೈಲ್ ಇದ್ದರೆ ಕ್ಯಾಮೆರಾ ಯಾಕೆ?", "ಹಕ್ಕಿ ಕೂತೇ ಇದ್ದರೆ ಒಂದು ಚಪ್ಪಾಳೆ ತಟ್ಟಿ, ಹಾರುತ್ತದೆ, ಕ್ಲಿಕ್ ಮಾಡಿ".

ಮೊದಲ ಮಾತು ಅರ್ಧ ಸತ್ಯ. ಎರಡನೆಯದು ಜಾಹೀರಾತಿನ ಭಾಷೆ. ಮೂರನೆಯದು ಹಕ್ಕಿಗೆ ಅಪಾಯಕಾರಿ, ಫೋಟೋಗೂ ಪ್ರಯೋಜನವಿಲ್ಲದ್ದು. ಹೆದರಿ ಎದ್ದ ಹಕ್ಕಿಯ ಚಿತ್ರ ಸಾಮಾನ್ಯವಾಗಿ ಕೆಟ್ಟ ಚಿತ್ರವೇ ಆಗಿರುತ್ತದೆ. ಹೀಗೇಕೆ ಎಂಬುದು ಅರ್ಥವಾಗಬೇಕಾದರೆ ಉದ್ದ ಲೆನ್ಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಟೆಲಿಫೋಟೋ ಲೆನ್ಸ್ ಹಕ್ಕಿಯನ್ನು ಹತ್ತಿರ ತರುತ್ತದೆಯೇ?

ಹಾಗೆ ಅನ್ನಿಸುತ್ತದೆ, ಆದರೆ ಅದು ಮಾಡುವುದು ನೋಟವನ್ನು ಕಿರಿದಾಗಿಸುವ ಕೆಲಸ. ಒಂದು ಸಣ್ಣ ಪ್ರಯೋಗ ಮಾಡಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ನಿಮ್ಮ ಕಣ್ಣಿಗೆ ಆ ಬೆರಳಿನ ಅಗಲ ಸುಮಾರು 2 ಡಿಗ್ರಿ. ಮೊಬೈಲಿನ ಮುಖ್ಯ ಕ್ಯಾಮೆರಾ ಅಡ್ಡಲಾಗಿ ಸುಮಾರು 70 ಡಿಗ್ರಿಯಷ್ಟು ಜಾಗವನ್ನು ನೋಡುತ್ತದೆ. ಹಕ್ಕಿ ಛಾಯಾಗ್ರಾಹಕರು ಬಳಸುವ 500 ಮಿಲಿಮೀಟರ್ ಲೆನ್ಸನ್ನು ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹಾಕಿದರೆ ಕಾಣುವುದು ಸುಮಾರು 4 ಡಿಗ್ರಿ ಮಾತ್ರ, ಅಂದರೆ ಎರಡು ಹೆಬ್ಬೆರಳಿನಷ್ಟು ಆಕಾಶ. ಆ ಕಿರಿದಾದ ತುಂಡೇ ಇಡೀ ಚಿತ್ರವನ್ನು ತುಂಬುವುದರಿಂದ ಅದರೊಳಗಿನ ಹಕ್ಕಿ ದೊಡ್ಡದಾಗಿ ಕಾಣುತ್ತದೆ.

ಉಳಿದ ಎಲ್ಲ ಕಷ್ಟವೂ ಇಲ್ಲಿಂದಲೇ ಶುರು. ಎರಡು ಹೆಬ್ಬೆರಳಿನ ಕಿಂಡಿಯಲ್ಲಿ ಆಕಾಶವನ್ನು ನೋಡುತ್ತ ಹಾರುವ ಹಕ್ಕಿಯನ್ನು ಹುಡುಕಬೇಕು. ಕೈ ಒಂದಿಷ್ಟು ಅಲುಗಿದರೂ ಹಕ್ಕಿ ಚೌಕಟ್ಟಿನಿಂದ ಆಚೆ. ಹೊಸಬರು ತೆಗೆದ ಮೊದಲ ನೂರು ಫೋಟೋಗಳಲ್ಲಿ ಖಾಲಿ ಆಕಾಶ, ಅರ್ಧ ರೆಕ್ಕೆ, ಬರೀ ಬಾಲ ಇವೇ ಹೆಚ್ಚಾಗಿರುವುದು ಇದಕ್ಕಾಗಿಯೇ. ಲೆನ್ಸಿನ ಬೆಲೆ ಎಷ್ಟೇ ಇರಲಿ, ಈ ಕಷ್ಟ ತಪ್ಪುವುದಿಲ್ಲ.

ಕ್ಯಾಮೆರಾ ಲೆನ್ಸ್ ಅಷ್ಟು ದಪ್ಪ ಏಕೆ? ಮೊಬೈಲ್‌ಗೆ ಅದು ಯಾಕೆ ಬೇಡ?

ಕಾರಣ ಬೆಳಕು. 500 ಮಿ.ಮೀ. ಎಫ್/5.6 ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿಯ ಅಗಲ 500 ಭಾಗಿಸು 5.6, ಅಂದರೆ ಸುಮಾರು 9 ಸೆಂಟಿಮೀಟರ್. 600 ಮಿ.ಮೀ. ಎಫ್/4 ಲೆನ್ಸಿನಲ್ಲಿ ಅದು 15 ಸೆಂಟಿಮೀಟರ್. ಅಷ್ಟು ಅಗಲದ ಗಾಜುಗಳನ್ನು ಉಜ್ಜಿ ಜೋಡಿಸಬೇಕಾದ್ದರಿಂದಲೇ ಅಂಥ ಲೆನ್ಸಿನ ತೂಕ 3 ಕೆ.ಜಿ. ಆಸುಪಾಸು, ಬೆಲೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಮೊಬೈಲಿನ ಝೂಮ್ ಲೆನ್ಸಿನ ಕಿಂಡಿಯ ಅಗಲ ಕೆಲವೇ ಮಿಲಿಮೀಟರ್. ಹಾಗಾಗಿ ಒಂದೇ ಹಕ್ಕಿಯಿಂದ ದೊಡ್ಡ ಲೆನ್ಸ್ ಹಿಡಿಯುವ ಬೆಳಕು ಮೊಬೈಲ್ ಹಿಡಿಯುವುದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು.

ಹಾಗಾದರೆ 100ಎಕ್ಸ್? ಮೊಬೈಲುಗಳಲ್ಲಿ ಗಾಜಿನಿಂದಲೇ ಆಗುವ ನಿಜವಾದ ಝೂಮ್ ಸಾಮಾನ್ಯವಾಗಿ 3ಎಕ್ಸ್‌ನಿಂದ 5ಎಕ್ಸ್. ಅದರಾಚೆಗಿನದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. 5ಎಕ್ಸ್ ಚಿತ್ರವನ್ನು 100ಎಕ್ಸ್ ಮಾಡಬೇಕಾದರೆ ಉದ್ದದಲ್ಲೂ ಅಗಲದಲ್ಲೂ 20 ಪಟ್ಟು ಕತ್ತರಿಸಬೇಕು. ಅಲ್ಲಿಗೆ ಉಳಿಯುವುದು ಚಿತ್ರದ 400ರಲ್ಲಿ ಒಂದು ಭಾಗ. 50 ಮೆಗಾಪಿಕ್ಸೆಲ್ ಚಿತ್ರವಾಗಿದ್ದರೂ ಕೈಗೆ ಸಿಗುವುದು ಸುಮಾರು 1.25 ಲಕ್ಷ ಚುಕ್ಕಿಗಳು. ಉಳಿದ ವಿವರವನ್ನು ಮೊಬೈಲಿನ ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ದೂರದ ಗೋಪುರಕ್ಕೋ ನಾಮಫಲಕಕ್ಕೋ ಇದು ಸಾಕಾಗಬಹುದು. ರೆಕ್ಕೆ ಬಡಿಯುತ್ತಿರುವ ಹಕ್ಕಿಯ ಗರಿಗಳನ್ನು ಅದು ಊಹಿಸಿದಾಗ ಬಣ್ಣ ಮೆತ್ತಿದಂತೆ ಕಾಣುತ್ತದೆ.

ಒಂದು ಸೆಕೆಂಡಿನ ಮೂರರಲ್ಲಿ ಒಂದು ಭಾಗ

ಈಗ ವೇಗದ ಲೆಕ್ಕ. ಒಂದು ಬೆಳ್ಳಕ್ಕಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ನಿಮ್ಮೆದುರು ಅಡ್ಡ ಹಾರುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಅದು 50 ಮೀಟರ್ ದೂರದಲ್ಲಿದ್ದರೆ, 500 ಮಿ.ಮೀ. ಲೆನ್ಸಿನ ಚೌಕಟ್ಟಿಗೆ ಅಲ್ಲಿ ಸಿಗುವ ಅಗಲ 3.6 ಮೀಟರ್. ಕ್ಯಾಮೆರಾವನ್ನು ಅಲುಗಿಸದೆ ಹಿಡಿದರೆ ಬೆಳ್ಳಕ್ಕಿ ಆ ಚೌಕಟ್ಟನ್ನು ದಾಟಿಹೋಗಲು ಬೇಕಾದ ಸಮಯ 0.36 ಸೆಕೆಂಡ್. ಹಕ್ಕಿಯನ್ನು ನೋಡಿ, ಮೆದುಳು ಗುರುತಿಸಿ, ಬೆರಳು ಒತ್ತುವುದರೊಳಗೆ ಆ ಸಮಯದ ದೊಡ್ಡ ಪಾಲು ಮುಗಿದಿರುತ್ತದೆ.

ಶಟರ್ ತೆರೆದಿರುವಾಗಲೂ ಹಕ್ಕಿ ನಿಲ್ಲುವುದಿಲ್ಲ. 1/100 ಸೆಕೆಂಡ್ ಶಟರ್ ಇಟ್ಟರೆ ಅಷ್ಟರಲ್ಲೇ ಬೆಳ್ಳಕ್ಕಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000 ಇಟ್ಟರೆ 1 ಸೆಂಟಿಮೀಟರ್, 1/2000 ಇಟ್ಟರೆ ಅರ್ಧ ಸೆಂಟಿಮೀಟರ್. ಇದು ದೇಹದ ಲೆಕ್ಕ, ರೆಕ್ಕೆಯ ತುದಿ ಇನ್ನೂ ವೇಗವಾಗಿ ಚಲಿಸುತ್ತದೆ. ಅದಕ್ಕೇ ಹಾರುವ ಹಕ್ಕಿಗೆ 1/2000 ಅಥವಾ ಅದಕ್ಕಿಂತ ವೇಗದ ಶಟರ್ ಬಳಸುತ್ತಾರೆ. 1/125 ಸೆಕೆಂಡಿಗೆ ಹೋಲಿಸಿದರೆ 1/2000ದಲ್ಲಿ ಒಳಬರುವ ಬೆಳಕು ಹದಿನಾರರಲ್ಲಿ ಒಂದು ಭಾಗ. ದಪ್ಪ ಗಾಜು ಬೇಕಾಗುವುದು ಇಲ್ಲಿಯೇ.

ಆದರೆ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000 ಚುಕ್ಕಿಗಳಿರುತ್ತವೆ. 3.6 ಮೀಟರನ್ನು ಅಷ್ಟಕ್ಕೆ ಹಂಚಿದರೆ ಒಂದು ಚುಕ್ಕಿಗೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಹೀಗಾಗಿ 1/2000 ಸೆಕೆಂಡಿನಲ್ಲೂ ಹಕ್ಕಿ ಎಂಟು ಚುಕ್ಕಿಗಳಷ್ಟು ಜರುಗಿ ಚಿತ್ರ ಮಸುಕಾಗುತ್ತದೆ. ಇದಕ್ಕೆ ಪರಿಹಾರ ದೇಹದಲ್ಲಿದೆ. ಹಕ್ಕಿ ಹೋಗುವ ವೇಗಕ್ಕೆ ಸರಿಯಾಗಿ ಸೊಂಟದಿಂದ ಮೇಲಿನ ದೇಹವನ್ನು ತಿರುಗಿಸುತ್ತ ಹೋಗಬೇಕು. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಹಕ್ಕಿ ಕೊನೆಗೆ ತಲುಪುವ ದಿಕ್ಕಿಗೆ ಮೊದಲೇ ಪಾದ ಇಟ್ಟು ನಿಂತರೆ ತಿರುಗುವುದು ಸರಾಗ. ಹಕ್ಕಿ ದೂರದಲ್ಲಿರುವಾಗಲೇ ಅದನ್ನು ಕಿಂಡಿಯೊಳಗೆ ಹಿಡಿದು, ಹಿಂಬಾಲಿಸುತ್ತ ಬಂದು, ಹತ್ತಿರ ಬಂದಾಗ ಒತ್ತುವುದು ಎಲ್ಲರೂ ಅನುಸರಿಸುವ ಕ್ರಮ.

ಫೋಕಸ್ ಕಥೆಯೂ ಹೀಗೆಯೇ. 20 ಮೀಟರ್ ದೂರದಲ್ಲಿ 500 ಮಿ.ಮೀ. ಎಫ್/5.6 ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಅರ್ಧ ಮೀಟರ್. ಬಣ್ಣದ ಕೊಕ್ಕರೆಯ ರೆಕ್ಕೆಯ ಹರವು ಸುಮಾರು ಒಂದೂವರೆ ಮೀಟರ್. ಅದು ನಿಮ್ಮ ಕಡೆಗೆ ವಾಲಿದರೆ ಕಣ್ಣು ಸ್ಪಷ್ಟ, ರೆಕ್ಕೆಯ ತುದಿ ಮಸುಕು. 2020ರ ನಂತರ ಬಂದ ಹಲವು ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಹಿಡಿದಿಡುತ್ತವೆ, ಸೆಕೆಂಡಿಗೆ 20ಕ್ಕೂ ಹೆಚ್ಚು ಚಿತ್ರ ತೆಗೆಯುತ್ತವೆ. ಇದರಿಂದ ಕೆಲಸ ತುಂಬ ಸುಲಭವಾಗಿದೆ. ಆದರೆ ಹಕ್ಕಿ ಚೌಕಟ್ಟಿನೊಳಗಿದ್ದರೆ ಮಾತ್ರ ಕ್ಯಾಮೆರಾ ಅದರ ಕಣ್ಣು ಹುಡುಕಬಲ್ಲದು. ಒಳಗೆ ತರುವುದು ಇವತ್ತಿಗೂ ಮನುಷ್ಯನ ಕೆಲಸ.

ಸೆಕೆಂಡಿಗೆ ಹಲವು ಚಿತ್ರ ಎಂಬುದು ಹೊಸ ಕಲ್ಪನೆಯೇನಲ್ಲ. 1882ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮಾರೆ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ತಯಾರಿಸಿದರು. ಹಾರುವ ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರ. ಹಕ್ಕಿ ರೆಕ್ಕೆಯನ್ನು ಹೇಗೆ ಬಡಿಯುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು.

ಚಪ್ಪಾಳೆ ತಟ್ಟಿದರೆ ಒಳ್ಳೆಯ ಫೋಟೋ ಸಿಗುತ್ತದೆಯೇ?

ಇಲ್ಲ. ಇದಕ್ಕೆ ಮೂರು ಸರಳ ಕಾರಣಗಳಿವೆ.

ಮೊದಲನೆಯದು, ದಿಕ್ಕು. ಹೆದರಿದ ಹಕ್ಕಿ ನಿಮ್ಮಿಂದ ದೂರಕ್ಕೆ ಹಾರುತ್ತದೆ. ನಿಮಗೆ ಸಿಗುವುದು ಅದರ ಬೆನ್ನು ಮತ್ತು ಬಾಲ. ಕಣ್ಣು ಕಾಣದ ಹಕ್ಕಿ ಚಿತ್ರಕ್ಕೆ ಜೀವ ಇರುವುದಿಲ್ಲ.

ಎರಡನೆಯದು, ಗಾಳಿ. ಹೆಜ್ಜಾರ್ಲೆ, ಕೊಕ್ಕರೆ, ಹೆಬ್ಬಾತಿನಂಥ ಭಾರದ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ವಿಮಾನಗಳು ಮಾಡುವುದೂ ಇದನ್ನೇ. ಎದುರುಗಾಳಿ ರೆಕ್ಕೆಗೆ ಬೇಗ ಆಧಾರ ಕೊಡುತ್ತದೆ. ಹಾಗಾಗಿ ಗಾಳಿಯೂ ಬೆಳಗಿನ ಬಿಸಿಲೂ ನಿಮ್ಮ ಬೆನ್ನಿಗೆ ಬರುವಂತೆ ನಿಂತು ಕಾದರೆ, ಹಕ್ಕಿ ತಾನಾಗಿ ಎದ್ದಾಗ ನಿಮ್ಮ ಕಡೆಗೇ ಮುಖ ಮಾಡಿರುತ್ತದೆ, ಆ ಮುಖದ ಮೇಲೆ ಬೆಳಕೂ ಇರುತ್ತದೆ. ಈ ಒಂದು ವಿಷಯ ತಿಳಿದವರಿಗೆ ಚಪ್ಪಾಳೆ ಬೇಕಾಗುವುದಿಲ್ಲ.

ಮೂರನೆಯದು, ಮುನ್ಸೂಚನೆ. ತಾನಾಗಿ ಹಾರುವ ಹಕ್ಕಿ ಅನೇಕ ಸಲ ಮೊದಲೇ ಸುಳಿವು ಕೊಡುತ್ತದೆ. ರೆಕ್ಕೆ ಚಾಚಿ ಮೈಮುರಿಯುತ್ತದೆ, ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ, ಮುಂದಕ್ಕೆ ಬಾಗುತ್ತದೆ. ಗೂಡಿಗೆ ಕಡ್ಡಿ ತರುವ ಕೊಕ್ಕರೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ತಪ್ಪಿದರೆ ಎರಡನೇ ಸಲ, ಅದೂ ತಪ್ಪಿದರೆ ಮೂರನೇ ಸಲ ಸಿಗುತ್ತದೆ. ಹೆದರಿಸಿ ಎಬ್ಬಿಸಿದ ಹಕ್ಕಿ ಕೊಡುವುದು ಒಂದೇ ಅವಕಾಶ, ಆಮೇಲೆ ಅದು ಆ ಜಾಗದಲ್ಲೇ ಇರುವುದಿಲ್ಲ.

ಕಾಯುವುದು ಎಂದರೆ ಎಷ್ಟು? ಸ್ಕಾಟ್ಲೆಂಡಿನ ಛಾಯಾಗ್ರಾಹಕ ಅಲನ್ ಮೆಕ್‌ಫ್ಯಾಡಿಯನ್ ಅವರ ಚಿತ್ರವೊಂದು 2015ರಲ್ಲಿ ಜಗತ್ತಿನಾದ್ಯಂತ ಹರಿದಾಡಿತು. ಮಿಂಚುಳ್ಳಿ ನೇರವಾಗಿ ನೀರಿಗೆ ಧುಮುಕುವ ಕ್ಷಣ, ಕೊಕ್ಕಿನ ತುದಿ ನೀರಿಗೆ ತಾಗುತ್ತಿದೆ, ನೀರಿನಲ್ಲಿ ಅದರದೇ ಪ್ರತಿಬಿಂಬ. ಆ ಒಂದು ಚಿತ್ರಕ್ಕಾಗಿ ಅವರು 6 ವರ್ಷಗಳಲ್ಲಿ 4,200 ಗಂಟೆ ಕಾದು ಸುಮಾರು 7,20,000 ಸಲ ಕ್ಲಿಕ್ ಮಾಡಿದ್ದರು ಎಂದು ಆಗ ವರದಿಯಾಗಿತ್ತು.

ಒಂದು ಸಲ ಎಬ್ಬಿಸಿದರೆ ಹಕ್ಕಿಗೆ ಏನಾಗಿಬಿಡುತ್ತದೆ?

ಈ ಪ್ರಶ್ನೆ ಸಹಜ. ಉತ್ತರಕ್ಕೆ ನಮ್ಮದೇ ರಾಜ್ಯದ ಎರಡು ಜಾಗ ನೋಡೋಣ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಮಧ್ಯ ಏಷ್ಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುತ್ತವೆ. ವಾಪಸು ಹೋಗುವ ಮುನ್ನ ಅವು ದೇಹದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳಬೇಕು, ಆ ಕೊಬ್ಬೇ ದಾರಿಯ ಬುತ್ತಿ. ರೆಕ್ಕೆ ಬಡಿದು ಹಾರಲು ಸುಮ್ಮನೆ ಕೂತಿರುವುದಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ನೀವು ಒಂದು ಸಲ ಎಬ್ಬಿಸಿದಿರಿ, ಅರ್ಧ ಗಂಟೆಯ ನಂತರ ಬಂದವರು ಇನ್ನೊಂದು ಸಲ, ಭಾನುವಾರವಾದರೆ ಹತ್ತು ಸಲ. ಪ್ರತಿಯೊಬ್ಬರ ಪಾಲಿಗೂ ಅದು "ಒಂದೇ ಸಲ". ಹಕ್ಕಿಯ ಪಾಲಿಗೆ ಅದು ದಿನದ ಒಟ್ಟು ಖರ್ಚು.

ಎರಡನೆಯದು ಭದ್ರಾ ಜಲಾಶಯ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುವ ಪುಟ್ಟ ನಡುಗಡ್ಡೆಗಳಲ್ಲಿ ನದಿ ರೀವಗಳು ಮೊಟ್ಟೆಯಿಡುತ್ತವೆ. ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎಂದು ಕರೆಯುವ ಹಕ್ಕಿ ಇದು. ಮೀನಿಗೆ ಧುಮುಕುವ, ಗಾಳಿಯಲ್ಲಿ ನಿಂತಂತೆ ರೆಕ್ಕೆ ಬಡಿಯುವ ಇದರ ಚಿತ್ರಕ್ಕಾಗಿ ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಇದರ ಗೂಡು ಎಂದರೆ ಬರಿ ನೆಲದ ಮೇಲಿನ ಸಣ್ಣ ಗುಳಿ, ಅಷ್ಟೆ. ಬಿರುಬಿಸಿಲಿನಲ್ಲಿ ತಾಯಿಯೋ ತಂದೆಯೋ ನೆರಳಾಗಿ ಕೂರದಿದ್ದರೆ ಮೊಟ್ಟೆ, ಮರಿಗಳಿಗೆ ಬೇರೆ ರಕ್ಷಣೆಯಿಲ್ಲ. ದೊಡ್ಡ ಹಕ್ಕಿ ಹೆದರಿ ಎದ್ದು ಹೋದ ಆ ಕೆಲವು ನಿಮಿಷಗಳಲ್ಲಿ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಇಲ್ಲವೇ ಕಾಗೆ, ಹದ್ದುಗಳ ಪಾಲಾಗುತ್ತದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ ಅಪಾಯದ ಅಂಚಿನಲ್ಲಿರುವ ಪ್ರಭೇದಗಳ ಸಾಲಿನಲ್ಲಿದೆ.

ಕಾನೂನೂ ಇದನ್ನು ಹಗುರವಾಗಿ ನೋಡುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ "ಬೇಟೆ" ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೈಯಲ್ಲಿ ಬಂದೂಕಿನ ಬದಲು ಕ್ಯಾಮೆರಾ ಇದೆ ಎಂಬುದು ಸಮಜಾಯಿಷಿ ಆಗುವುದಿಲ್ಲ.

ಎಷ್ಟು ದೂರ ನಿಲ್ಲಬೇಕು?

ಎಲ್ಲ ಹಕ್ಕಿಗೂ ಒಂದೇ ಅಳತೆಯಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ, ಕೆಳಗೆ ಜನ ಓಡಾಡಿದರೂ ಕದಲುವುದಿಲ್ಲ. ಮಾಗಡಿ ಕೆರೆಯ ಹೆಬ್ಬಾತುಗಳಿಂದ ಆ ಸಲಿಗೆಯನ್ನು ನಿರೀಕ್ಷಿಸುವಂತಿಲ್ಲ. ವಿಜ್ಞಾನಿಗಳು ಇದನ್ನು "ಹಾರಿಹೋಗುವ ದೂರ" ಎಂದು ಅಳೆಯುತ್ತಾರೆ. ಮನುಷ್ಯ ಎಷ್ಟು ಹತ್ತಿರ ಬಂದಾಗ ಹಕ್ಕಿ ಜಾಗ ಬಿಡುತ್ತದೆ ಎಂಬುದೇ ಆ ದೂರ.

ಅಳತೆಪಟ್ಟಿ ನಿಮಗೆ ಬೇಕಿಲ್ಲ, ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದದ್ದು ನಿಲ್ಲಿಸಿತೇ? ಕತ್ತು ನೀಳ ಮಾಡಿ ನಿಮ್ಮನ್ನೇ ನೋಡುತ್ತಿದೆಯೇ? ಎಚ್ಚರಿಕೆಯ ಕೂಗು ಹಾಕಿತೇ? ನಡೆದು ದೂರ ಸರಿಯಿತೇ? ಇದರಲ್ಲಿ ಒಂದು ಕಂಡರೂ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ನಿಧಾನವಾಗಿ ಹಿಂದೆ ಸರಿದು ಕುಳಿತುಕೊಳ್ಳಿ. ಉದ್ದ ಲೆನ್ಸ್ ಹುಟ್ಟಿಕೊಂಡಿರುವುದೇ ಈ ಅಂತರ ಕಾಪಾಡಲು. ಹತ್ತು ಲಕ್ಷದ ಲೆನ್ಸ್ ಹಿಡಿದು ಹಕ್ಕಿಯ ಹಿಂದೆ ಓಡುವವರು ಆ ಹಣವನ್ನು ದಂಡ ಮಾಡಿದಂತೆ.

ಮೊಬೈಲ್ ಮಾತ್ರ ಇದ್ದವರು ಏನು ಮಾಡಬೇಕು?

ನಿರಾಸೆ ಬೇಡ. ಮೊಬೈಲಿಗೆ ಸಾಧ್ಯವಾದದ್ದನ್ನು ಅದರಿಂದ ಮಾಡಿಸಿ. ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿಗಳ ಸಾಲು, ಕೆಂಪು ಆಕಾಶದ ಮುಂದೆ ಹಾದುಹೋಗುವ ಹಿಂಡು, ಇವಕ್ಕೆ ಝೂಮ್ ಬೇಕಿಲ್ಲ. ಹಕ್ಕಿಯ ಜೊತೆ ಕೆರೆ, ಗುಡ್ಡ, ತೆಂಗಿನ ತೋಪು ಚಿತ್ರದೊಳಗೆ ಬರಲಿ. ಝೂಮ್ ಮಾಡಲೇಬೇಕಿದ್ದರೆ ಮೊಬೈಲಿನ ನಿಜವಾದ 3ಎಕ್ಸ್ ಅಥವಾ 5ಎಕ್ಸ್ ದಾಟಬೇಡಿ. ಬರ್ಸ್ಟ್ ಮೋಡ್ ಬಳಸಿ ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳಿ. ಅಭ್ಯಾಸಕ್ಕೆ ಅಭಯಾರಣ್ಯಕ್ಕೇ ಹೋಗಬೇಕಿಲ್ಲ, ಮನೆಯ ತಾರಸಿಯ ಮೇಲೆ ಸುತ್ತುವ ಹದ್ದು, ಪಾರಿವಾಳ ಸಾಕು. ಬೆಳಿಗ್ಗೆ ಹೋಗಿ. ಮಧ್ಯಾಹ್ನದ ಕಾದ ಗಾಳಿ ಅಲೆಯಾಡುವುದರಿಂದ ಎಂಥ ದೊಡ್ಡ ಲೆನ್ಸಿನಲ್ಲೂ ದೂರದ ಹಕ್ಕಿ ಮಸುಕಾಗಿಯೇ ಬರುತ್ತದೆ.

ಫಾರ್ವರ್ಡ್ ಒತ್ತುವ ಮೊದಲು

ಫೋಟೋ ತೆಗೆಯದಿದ್ದರೂ ನಾವೆಲ್ಲ ಫೋಟೋ ಹಂಚುವವರು. ಅದಕ್ಕೂ ಪರಿಣಾಮವಿದೆ.

ಗೂಡು, ಮೊಟ್ಟೆ, ಮರಿಗಳ ಚಿತ್ರದ ಜೊತೆ ಜಾಗದ ಹೆಸರು ಇದ್ದರೆ ಅದನ್ನು ಹಂಚಬೇಡಿ. ನಾಳೆ ಅಲ್ಲಿಗೆ ಐವತ್ತು ಜನ ಬರುತ್ತಾರೆ. ಹಕ್ಕಿ ವೀಕ್ಷಕರು ಬಳಸುವ ಇ-ಬರ್ಡ್, ಐ-ನ್ಯಾಚುರಲಿಸ್ಟ್ ತಾಣಗಳು ಅಪಾಯದಲ್ಲಿರುವ ಕೆಲವು ಪ್ರಭೇದಗಳ ನಿಖರ ಜಾಗವನ್ನು ಬೇಕೆಂದೇ ಮರೆಮಾಡುತ್ತವೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಫೈಲಿನೊಳಗೇ ಜಾಗದ ವಿವರ ಸೇರಿಕೊಂಡಿರುತ್ತದೆ ಎಂಬುದೂ ನೆನಪಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ.

ಚಿತ್ರ ನಿಜವೇ ಎಂಬ ಅನುಮಾನ ಬಂದರೆ ಹಕ್ಕಿಯ ಹೆಸರು, ಜಾಗ, ತೆಗೆದವರ ಹೆಸರು ಇದೆಯೇ ನೋಡಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಮೂಲ ಚಿತ್ರ ಸಿಗಬಹುದು. ರೆಕ್ಕೆಯ ಗರಿಗಳು ಒಂದರೊಳಗೊಂದು ಕರಗಿದಂತಿದ್ದರೆ, ಕಾಲ್ಬೆರಳುಗಳ ಲೆಕ್ಕ ತಪ್ಪಿದ್ದರೆ ಅದು ಕಂಪ್ಯೂಟರ್ ರಚಿಸಿದ ಚಿತ್ರವಾಗಿರಬಹುದು. ಹತ್ತಿರದ ಹಕ್ಕಿಯೂ ದೂರದ ಬೆಟ್ಟವೂ ಒಂದೇ ಸಮ ಸ್ಪಷ್ಟವಾಗಿದ್ದರೆ ಎರಡು ಚಿತ್ರಗಳನ್ನು ಜೋಡಿಸಿರುವ ಸಾಧ್ಯತೆ ಇದೆ. ಇವು ಅನುಮಾನಕ್ಕೆ ಕಾರಣಗಳೇ ಹೊರತು ತೀರ್ಪಲ್ಲ.

ಕೊನೆಯದಾಗಿ, ಕೆರೆಯ ದಡದಲ್ಲಿ ಯಾರೋ ಚಪ್ಪಾಳೆ ತಟ್ಟುವ, ಕಲ್ಲೆಸೆಯುವ, ಡ್ರೋನ್ ಹಾರಿಸುವ ಸದ್ದಿನೊಂದಿಗೆ ಇಡೀ ಹಿಂಡು ಮೇಲೇಳುವ ವಿಡಿಯೊ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಅದಕ್ಕೆ ಸಿಗುವ ಪ್ರತಿಯೊಂದು ಲೈಕ್, ಮುಂದಿನ ಭಾನುವಾರ ಇನ್ನೊಬ್ಬರು ಚಪ್ಪಾಳೆ ತಟ್ಟಲು ಕೊಡುವ ಕುಮ್ಮಕ್ಕು. ಕಳಿಸಿದವರಿಗೆ ಈ ಲೇಖನ ಕಳಿಸಿ. ಗಾಳಿ ಬೆನ್ನಿಗಿರಲಿ, ಸುಮ್ಮನೆ ಕೂತು ಕಾಯಲಿ. ಹಕ್ಕಿ ತಾನಾಗಿಯೇ ಹಾರುತ್ತದೆ.